ಬಿಸಿಲು ತಿರುಗುವ ಮೊದಲು

ಮುಚ್ಚಿದ ಕೋಣೆಯ ಎದುರು ಮೆಂತ್ಯದ ಸೊಪ್ಪು ಹರಡಿಕೊಂಡು ಕೂತಿದ್ದ ಮಂಜುಷಾಳಿಗೆ ಗಂಡ ಹೇಳಿದ್ದು ಕೇಳಿಸಲಿಲ್ಲ. ಕೌಸ್ತುಭ ಊಟದ ಡಬ್ಬಿ ಚೀಲಕ್ಕೆ ಇಳಿಸುತ್ತ ಇನ್ನೊಮ್ಮೆ ಹೇಳಿದ. ಕಿಟಕಿ ಕೂರಿಸುವ ಅಜರನಿಗೆ ಫೋನ್ ಮಾಡಿದ್ದಾನೆ, ಮಳೆ ಹಿಡಿಯುವ ಮೊದಲೇ ಅಪ್ಪನ ಕೋಣೆಯ ಆ ಸೊಟ್ಟ ಕಿಟಕಿ ಕಿತ್ತು ಅಲ್ಯುಮಿನಿಯಂದು ಹಾಕಿಸಿಬಿಡುವುದು. ಆಚಾರ್ಯರನ್ನೂ ಕೇಳಿದ್ದಾಗಿದೆ. ಕೋಣೆಯೊಳಗೆ ಕಾಲಿಡದೆ ಹೊರಗಿನಿಂದಲೇ ಕೆಲಸ ಮಾಡಿದರೆ ಅಡ್ಡಿಯಿಲ್ಲವಂತೆ.

"ಈಗ ಯಾಕ್ರಿ ಅವಸರ?" ಎಂದಳು ಮಂಜುಷಾ, ಸೊಪ್ಪಿನಿಂದ ಕಣ್ಣೆತ್ತದೆ. "ಕೋಣಿ ಬಾಗಲಾ ತಗದ ಮ್ಯಾಲೆ ಮಾಡಿಸಿದ್ರಾತು."

ಚೌಕಟ್ಟಿಗೂ ಗೋಡೆಗೂ ನಡುವೆ ಕೈ ಹೋಗುವಷ್ಟು ಸಂದಿಯಾಗಿದೆ, ಮಳೆ ಬಂದರೆ ನೀರೆಲ್ಲ ಒಳಗೇ ಎಂದ ಕೌಸ್ತುಭ. ತಲೆಗೂದಲು ಕತ್ತರಿಸಿಕೊಳ್ಳುವುದನ್ನೂ ಬರುವ ವಾರಕ್ಕೆ ತಳ್ಳುವ ಮನುಷ್ಯ ಅವನು. ಅವನಿಗೆ ಈ ಹುರುಪು ಮಳೆಯಿಂದ ಬಂದದ್ದಲ್ಲ. ಮಧ್ಯಾಹ್ನವಾದರೆ ಆ ಕೋಣೆಯೊಳಗಿನಿಂದ ಯಾರೋ ಬೆರಳ ಗೆಣ್ಣಿನಿಂದ ಬಡಿದಂತೆ ಸದ್ದು ಬರುತ್ತಿತ್ತು, ಭಾನುವಾರ ಮನೆಯಲ್ಲಿದ್ದ ದಿನ ಅವನು ಟಿವಿಯ ದನಿ ಏರಿಸಿ ಕೂರುತ್ತಿದ್ದ. ಹೆದರಿಕೆ ಎಂದು ಬಾಯಿಬಿಟ್ಟು ಹೇಳಲಾರದೆ ಮಳೆಯ ಮೇಲೆ ಹಾಕಿದ, ಅಷ್ಟೆ. ಕಮಲಾಪುರದ ಬ್ಯಾಂಕಿಗೆ ದಿನಾ ಬಸ್ಸಿನಲ್ಲಿ ಓಡಾಡುವವನು, ಬಸ್ಸಿನ ಹೊತ್ತಾಯಿತೆಂದು ಹೊರಟುಹೋದ.

ಆ ಕಿಟಕಿ ಆರಿಸಿದವಳು ಮಂಜುಷಾಳೇ. ಶಹಾಬಜಾರದ ಓಣಿಯ ಹಳೆಯ ಮನೆ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ, ಊರ ಹೊರಗಿನ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದಾಗ ಮಾವ ಪಾಂಡುರಂಗರಾಯರು ಬೇರೇನನ್ನೂ ಬಯಸಿರಲಿಲ್ಲ. ಸಾಗವಾನಿ ಕಿಟಕಿ ಇಲ್ಲದ ಕೋಣೆಯಲ್ಲಿ ನಿದ್ದೆ ಹತ್ತುತ್ತದೋ ಇಲ್ಲವೋ ಎಂದು ಒಂದು ಸಲ ಅಂದಿದ್ದರು. ಸಾಗವಾನಿ ಈಗ ಯಾರ ಕೈಗೆಟುಕುತ್ತದೆ? ಜಗತ್ ಸರ್ಕಲ್ ಹತ್ತಿರದ ಅಂಗಡಿಯೊಂದರಲ್ಲಿ ಗಾಢ ಕಂದು ಬಣ್ಣದ, ಮೈಮೇಲೆ ಮರದ ಗೆರೆಗಳೇ ಇದ್ದ ಪ್ಲಾಸ್ಟಿಕ್ ಕಿಟಕಿ ನೋಡಿ ಅವಳಿಗೆ ಮಾವನ ಮಾತು ನೆನಪಾಯಿತು. ಗೆದ್ದಲು ಹತ್ತುವುದಿಲ್ಲ, ಬಣ್ಣ ಬಳಿಯಬೇಕಿಲ್ಲ, ಧೂಳು ನುಗ್ಗುವುದಿಲ್ಲ ಎಂದು ಅಂಗಡಿಯವನು ಹೇಳಿದ. ಬಿಸಿಲಿಗೆ ಏನಾಗುತ್ತದೆ ಎಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಕಲಬುರಗಿಯಲ್ಲಿ ಹುಟ್ಟಿ ಬೆಳೆದವಳು ಬಿಸಿಲಿನ ಮಾತೊಂದನ್ನೇ ಮರೆತಿದ್ದಳು. ಕಿಟಕಿ ಕೂರಿಸಿದ ದಿನ ಮಾವ ಅದರ ಮೇಲೆ ಕೈಯಾಡಿಸಿ, ಸುಳ್ಳಾದರೂ ಚಂದ ಇದೆ ಎಂದು ನಕ್ಕಿದ್ದರು.

ಎರಡನೆಯ ಬೇಸಿಗೆಗೆ ಕಿಟಕಿ ಹಪ್ಪಳದಂತೆ ನಡುವೆ ಉಬ್ಬಿತು. ಮಾವನ ಕೋಣೆ ಪಡುವಣಕ್ಕಿತ್ತು. ಹೊತ್ತು ನೆತ್ತಿ ದಾಟಿ ಬಿಸಿಲು ಆ ಗೋಡೆಗೆ ತಿರುಗಿದ ಮೇಲೆ ಚೌಕಟ್ಟು ಕಾದು, ಎಲ್ಲೋ ಸಿಕ್ಕಿಕೊಂಡು, ಬಿಡಿಸಿಕೊಂಡು ಟಕ್ ಟಕ್ ಎಂದು ಸಿಡಿಯುತ್ತಿತ್ತು. ಮೊದಮೊದಲು ಯಾರೋ ಬಾಗಿಲು ಬಡಿದರೆಂದು ಮಂಜುಷಾ ಎದ್ದು ಹೋಗುತ್ತಿದ್ದಳು. ಮಾವ ಕೂತಲ್ಲಿಂದಲೇ, ಯಮಧರ್ಮ ಬಂದಿರಬೇಕು, ರಾಯರು ಊಟಕ್ಕೆ ಕೂತಿದ್ದಾರೆ ಆಮೇಲೆ ಬಾ ಅಂತ ಹೇಳು ಎಂದು ಚೇಷ್ಟೆ ಮಾಡುತ್ತಿದ್ದರು. ಬರಬರುತ್ತ ಏಳುವುದನ್ನು ಬಿಟ್ಟಳು. ದಿನಾ ಸಾಯುವವರಿಗೆ ಅಳುವವರು ಯಾರು?

ಚೈತ್ರದಲ್ಲಿ ಮಾವ ಹೋದ ದಿನ ಮನೆಯಲ್ಲಿ ಇದ್ದವಳು ಅವಳೊಬ್ಬಳೇ. ಅತ್ತೆ ಇಂದೂಬಾಯಿ ಕಮಲಾಪುರದಲ್ಲಿ ತಂಗಿ ಲಲಿತಾಬಾಯಿಯ ಮೊಮ್ಮಗನ ಮುಂಜಿಗೆಂದು ಬೆಳಿಗ್ಗೆಯೇ ಮಗನ ಜೊತೆ ಹೋಗಿದ್ದರು. ಮಂಜುಷಾ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಬೀದರಿನಲ್ಲಿದ್ದ ಅಕ್ಕನೊಂದಿಗೆ ಹರಟುತ್ತಿದ್ದಳು. ಮಾವನ ಕೋಣೆಯ ಕಡೆಯಿಂದ ಬಡಿದ ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಮ್ಮೆ ಬಂತು. ಏನೇ ಅದು ಎಂದು ಅಕ್ಕ ಕೇಳಿದ್ದಕ್ಕೆ, ನಮ್ಮ ಮನೆಯ ಕಿಟಕಿ, ಅದಕ್ಕೊಂದು ಬಾಯಿ ಬಂದಿದೆ ಎಂದಳು. ಇಬ್ಬರೂ ನಕ್ಕರು. ಊಟಕ್ಕೆ ಕರೆಯಲು ಹೋದಾಗ ಮಾವ ಕಿಟಕಿಯ ಕೆಳಗೆ ನೆಲದ ಮೇಲಿದ್ದರು. ಬಂದ ಡಾಕ್ಟರು ಹೃದಯ ನಿಂತಿದೆ ಎಂದರು, ಯಾರಿದ್ದೂ ಏನೂ ಮಾಡಲಾಗುತ್ತಿರಲಿಲ್ಲ ಎಂದೂ ಸೇರಿಸಿದರು. ಎಲ್ಲರ ಮನೆಯಲ್ಲೂ ಅವರು ಹೇಳುವ ಮಾತೇ ಅದಿರಬಹುದು.

ಉತ್ತರಾ ನಕ್ಷತ್ರದಲ್ಲಿ ಹೋದ ಜೀವ, ದೋಷವಿದೆ ಎಂದು ಆಚಾರ್ಯರು ಪಂಚಾಂಗ ಮಡಚಿಟ್ಟು ಹೇಳಿದರು. ಮೂರು ತಿಂಗಳು ಆ ಕೋಣೆ ಮುಚ್ಚಬೇಕು, ಯಾರೂ ಒಳಗೆ ಹೋಗಬಾರದು, ಮುಟ್ಟಬಾರದು. ಮಾವನ ಕನ್ನಡಕ, ಓದಿ ಅರ್ಧ ಮಡಚಿದ ಪೇಪರು, ಹಾಸಿಗೆ ಎಲ್ಲ ಇದ್ದಂತೆಯೇ ಒಳಗುಳಿದು ಬಾಗಿಲಿಗೆ ಬೀಗ ಬಿತ್ತು. ಇಂದೂಬಾಯಿ ದಿನಾ ಸಂಜೆ ಹೊಸ್ತಿಲ ಈಚೆ ದೀಪವಿಟ್ಟು ಸರಿದುಬಿಡುತ್ತಿದ್ದರು. ಆಚಾರದ ವಿಷಯದಲ್ಲಿ ಆ ಹೆಂಗಸು ಆಚಾರ್ಯರಿಗೇ ತಪ್ಪು ತೋರಿಸುವಂಥವರು.

ಹದಿಮೂರನೆಯ ದಿನ ನೆಂಟರೆಲ್ಲ ಹೊರಟುಹೋದ ಮೇಲೆ ಇಂದೂಬಾಯಿ ಸೊಸೆಯನ್ನು ಹತ್ತಿರ ಕರೆದರು. ಅಷ್ಟು ದಿನ ಯಾರೆದುರೂ ಕೇಳದೆ ಇಟ್ಟುಕೊಂಡಿದ್ದ ಮಾತು ಅದು.

"ಹೋಗೂ ಮುಂದ ಅವರು ಏನರ ಕರದ್ರೇನವಾ?"

"ಇಲ್ಲ ಅತ್ತಿ. ಏನೂ ಕೇಳಿಸಲಿಲ್ಲ."

"ಅಸೂ ದೇ," ಎಂದರು ಇಂದೂಬಾಯಿ. ಇರಲಿ ಬಿಡು ಎನ್ನಲು ಅವರಿಗೆ ಮರಾಠಿಯೇ ಬರುತ್ತಿತ್ತು.

ಅದು ಆಗ ಪೂರ್ತಿ ಸುಳ್ಳೂ ಆಗಿರಲಿಲ್ಲ. ತಾನು ಕೇಳಿದ್ದು ಕಿಟಕಿಯ ಸದ್ದು ಎಂದೇ ಮಂಜುಷಾ ನಂಬಿದ್ದಳು, ಕಿಟಕಿಯ ಮಾತನ್ನು ಅತ್ತೆಗೆ ಯಾಕೆ ಹೇಳಬೇಕು? ನೆಂಟರ ಕೈಯಿಂದ ಅಡುಗೆಮನೆ ಮತ್ತೆ ಅವಳ ಕೈಗೆ ಬಂದು, ಅದೇ ಹೊತ್ತಿಗೆ ಅದೇ ಜಾಗದಲ್ಲಿ ಚಪಾತಿ ಲಟ್ಟಿಸಲು ನಿಂತಾಗ ಅವಳ ಕೈ ತಡೆಯಿತು. ಬಿಸಿಲು ಮಣೆಯ ಮೇಲೆ ಬಿದ್ದಿತ್ತು. ಅವತ್ತೂ ಹೀಗೇ ಬಿದ್ದಿತ್ತು, ಕಣ್ಣಿಗೆ ಹೊಡೆಯುತ್ತದೆಂದು ಅವಳು ಫೋನನ್ನು ಆಚೆ ಸರಿಸಿದ್ದಳು. ಬಿಸಿಲು ಇನ್ನೂ ಮೂಡಣದ ಅಡುಗೆಮನೆಯಲ್ಲಿರುವಾಗ ಪಡುವಣದ ಕಿಟಕಿ ಯಾಕೆ ಬಡಿಯಿತು? ಅವಳು ಒಲೆ ಆರಿಸಿ ಮುಚ್ಚಿದ ಕೋಣೆಯ ಮುಂದೆ ಬಂದು ನಿಂತು ಕೇಳಿದಳು. ಒಳಗೆ ಏನೂ ಇರಲಿಲ್ಲ.

ಅಂದಿನಿಂದ ಆ ಹೊತ್ತಿಗೆ ಅವಳು ಅಲ್ಲೇ ಕೂರತೊಡಗಿದಳು. ಒಂದು ದಿನ ಸೊಪ್ಪು, ಒಂದು ದಿನ ಅಕ್ಕಿ, ಮಡಚಿದ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಚುವುದು. ಒಂದೇ ಒಂದು ಸಲ, ಬಿಸಿಲು ತಿರುಗುವ ಮೊದಲು, ಆ ಕಿಟಕಿ ತಾನಾಗಿ ಬಡಿದರೆ ಸಾಕಿತ್ತು. ಹಾಗಿದ್ದರೆ ಅವತ್ತು ಬಡಿದದ್ದೂ ಅದೇ, ಮಾವ ಕರೆಯಲಿಲ್ಲ, ತಾನು ನಗುತ್ತ ನಿಂತಾಗ ಅವರು ನೆಲದ ಮೇಲೆ ಬಿದ್ದು ದಾರಿ ಕಾಯುತ್ತಿರಲಿಲ್ಲ. ಬಡಿಯದಿದ್ದರೆ? ಸತ್ತವರ ಕೋಣೆಯ ಸದ್ದಿಗೆ ಲೋಕವೆಲ್ಲ ಹೆದರುತ್ತದೆ. ಭಾಂಡೆ ತಿಕ್ಕುವ ಭಾಗಮ್ಮ ಮಧ್ಯಾಹ್ನದೊಳಗೆ ಕೆಲಸ ಮುಗಿಸಿ ಓಡುತ್ತಿದ್ದಳು. ಮಂಜುಷಾ ಒಬ್ಬಳೇ ಬೆಳಗಿನ ಆ ನಿಶ್ಶಬ್ದಕ್ಕೆ ಹೆದರಿದಳು. ಚೈತ್ರ ಹೋಗಿ ವೈಶಾಖ ಬಂತು, ಗೋಡೆಗಳು ಇಡೀ ದಿನ ಕಾದವು, ಕಿಟಕಿ ಮಾತ್ರ ತನ್ನ ಹೊತ್ತು ತಪ್ಪಲಿಲ್ಲ. ಬಿಸಿಲು ಬಂದ ಮೇಲೆ ಬಡಿಯಿತು, ಅದಕ್ಕೂ ಮೊದಲು ಒಂದು ದಿನವೂ ಬಡಿಯಲಿಲ್ಲ.

ಇಂದೂಬಾಯಿ ಎಲ್ಲವನ್ನೂ ತಮ್ಮ ಚಾಪೆಯ ಮೇಲಿಂದ ನೋಡುತ್ತಿದ್ದರು. ಅವರು ಹೆಚ್ಚು ಮಾತಾಡುವವರಲ್ಲ, ಆಡಿದರೆ ಅದು ಸಾಮಾನ್ಯವಾಗಿ ಸೊಸೆಯ ಅಡುಗೆಯ ಉಪ್ಪಿನ ಬಗ್ಗೆ ಇರುತ್ತಿತ್ತು. ಮಡಿಯಲ್ಲಿದ್ದಾಗ ಹತ್ತಿರ ಸುಳಿದರೂ ದೂರ ದೂರ ಎನ್ನುತ್ತಿದ್ದರು. ಸೊಸೆ ಕೋಣೆಯ ಮುಂದೆ ಕೂರುವುದರ ಬಗ್ಗೆ ಮಾತ್ರ ಅವರು ಒಂದು ಮಾತೂ ಎತ್ತಲಿಲ್ಲ.

ಕೌಸ್ತುಭ ಅಜರನ ಹೆಸರೆತ್ತಿದ ಮೇಲೆ ಮಂಜುಷಾಳಿಗೆ ದಿಗಿಲಾಯಿತು. ಕಿಟಕಿಯೇ ಹೋದರೆ ಇನ್ನು ಕೇಳುವುದು ಯಾರನ್ನು? ಲಲಿತಾಬಾಯಿಗೆ ಮಾವಿನಕಾಯಿ ಉಪ್ಪಿನಕಾಯಿ ಕೊಟ್ಟು ಬರುತ್ತೇನೆಂದು ನೆವ ಹೂಡಿ ಮಾರನೆಯ ದಿನ ಗಂಡನ ಜೊತೆ ಕಮಲಾಪುರದ ಬಸ್ಸು ಹತ್ತಿದಳು. ಜಗತ್ ಸರ್ಕಲ್ಲಿನ ಆ ಅಂಗಡಿ ಮುಚ್ಚಿಹೋಗಿ, ಅಲ್ಲಿ ಕಿಟಕಿ ಕೂರಿಸುತ್ತಿದ್ದ ಅಜರ್ ಈಗ ತನ್ನೂರಾದ ಕಮಲಾಪುರದಲ್ಲೇ ಶೆಡ್ ಹಾಕಿಕೊಂಡಿದ್ದ.

ಲಲಿತಾಬಾಯಿ ಪ್ರೀತಿಯ ಹೆಂಗಸು. ತಣ್ಣನೆಯ ಮಜ್ಜಿಗೆ ಕೊಟ್ಟರು, ಹಿತ್ತಲಿನ ಕೆಂಪು ಬಾಳೆಹಣ್ಣನ್ನು ಚೀಲಕ್ಕೆ ತುಂಬಿದರು, ಭಾವನನ್ನು ನೆನೆಸಿ ಕಣ್ಣೊರೆಸಿಕೊಂಡರು. ಮುಂಜಿಯ ದಿನದ ಮಾತು ಬಂತು. ಅವತ್ತು ಊಟಕ್ಕೆ ಎಲೆ ಹಾಕುವಾಗ ಇಂದೂಬಾಯಿ ಇದ್ದಕ್ಕಿದ್ದಂತೆ, ಮನೆಗೆ ಒಮ್ಮೆ ಫೋನ್ ಹಚ್ಚಿ ಕೊಡು ಎಂದರಂತೆ.

"ನಾನಽ ಬ್ಯಾಡ ಅಂದೆ," ಎಂದರು ಲಲಿತಾಬಾಯಿ. "ಮಂಜುಷಾ ಇದ್ದಾಳ, ನಿಂಗ್ಯಾಕ ಚಿಂತಿ ಅಂತ ಹೇಳಿ ಕೂಡಿಸಿದೆ ನೋಡು."

ಹೊಗಳಿಕೆಯ ಮಾತದು. ಮಂಜುಷಾ ಮಜ್ಜಿಗೆಯ ಲೋಟ ಕೆಳಗಿಟ್ಟಳು.

ಲಲಿತಾಬಾಯಿ ದಾರಿ ಹೇಳಿಕೊಟ್ಟ ಅಜರನ ತಗಡಿನ ಶೆಡ್ಡಿನಲ್ಲಿ ಬಿಳಿಯ ಚೌಕಟ್ಟುಗಳೇ ಇದ್ದವು, ಕಂದು ಬಣ್ಣದ್ದು ಒಂದೂ ಇರಲಿಲ್ಲ. ಆ ಮಾಲು ತರಿಸುವುದನ್ನೇ ಬಿಟ್ಟೆ, ಈ ಭಾಗದ ಬಿಸಿಲಿಗೆ ಗಾಢ ಬಣ್ಣ ತಡೆಯುವುದಿಲ್ಲ, ಅದರೊಳಗೆ ಕಬ್ಬಿಣದ ಪಟ್ಟಿಯನ್ನೂ ಸರಿಯಾಗಿ ಹಾಕಿರಲಿಲ್ಲ ಎಂದು ಅವನು ನಾಚುತ್ತಲೇ ಹೇಳಿದ. ಅವಳು ಸದ್ದಿನ ಮಾತೆತ್ತಿದಳು. ಮನೆಯಲ್ಲಿ ಸಾವಾಗಿದೆ, ಹೆದರಿದ್ದಾರೆ ಪಾಪ ಎಂದುಕೊಂಡ ಅಜರ್, ಅವಳಿಗೆ ಧೈರ್ಯ ತುಂಬಲು ಮುಂದಾದ.

"ಭೂತ ಗೀತ ಏನಿಲ್ರಿ ಮೇಡಂ. ಎಲ್ಲಾ ಬಿಸಿಲಿನ ಕಾಟ. ಬಿಸಿಲು ಬಿದ್ರ ಬಡೀತದ, ಇಳದ್ರ ಸುಮ್ನಾಗ್ತದ."

"ಬಿಸಿಲು ಬೀಳೂ ಮೊದ್ಲು?"

"ಬಿಸಿಲೇ ಬೀಳದಽ ಬಡ್ಕೊಳ್ಳಾಕ ಅದ್ಕೇನು ಹುಚ್ಚೇನ್ರಿ?" ಎಂದು ನಕ್ಕವನು, ಅವಳ ಮುಖ ನೋಡಿ ನಗು ನುಂಗಿದ. ಎಲ್ಲಿ ತಪ್ಪಿದೆನೆಂದು ಅವನಿಗೆ ತಿಳಿಯಲಿಲ್ಲ. ಒಮ್ಮೆ ಬಾಗಿದ ಮಾಲು ಅದು, ಇಂಥ ಹೊತ್ತಿಗೇ ಬಡಿಯುತ್ತದೆ ಎಂದು ಖಾತ್ರಿಯಾಗಿ ಹೇಳಲು ಬರುವುದಿಲ್ಲ ಎಂದು ತೇಪೆ ಹಚ್ಚಿದ. ಮುಳುಗುವವಳಿಗೆ ಹುಲ್ಲುಕಡ್ಡಿ ಸಾಕು. ಮಂಜುಷಾ ಆ ಮಾತನ್ನೇ ಸೆರಗಿನಲ್ಲಿ ಕಟ್ಟಿಕೊಂಡಂತೆ ಕಲಬುರಗಿಗೆ ತಂದಳು. ಕಿಟಕಿ ಬದಲಿಸುವುದನ್ನು ಮುಂದಕ್ಕೆ ಹಾಕು ಎಂದು ಎಷ್ಟು ಹೇಳಿದರೂ ಅಜರ್ ಒಪ್ಪಲಿಲ್ಲ. ಸಾಹೇಬರ ಅಳತೆಯ ಪ್ರಕಾರ ಹೊಸದನ್ನು ಆಗಲೇ ಕತ್ತರಿಸಿಯಾಗಿತ್ತು. ಬರುವ ಶನಿವಾರ ಮಧ್ಯಾಹ್ನದ ನಮಾಜು ಮುಗಿಸಿ ಬರುತ್ತೇನೆಂದ.

ಸಂಜೆ ಮಂಜುಷಾ ಬಾಳೆಹಣ್ಣನ್ನು ದೇವರ ಮುಂದೆ ಇಡುವಾಗ ಇಂದೂಬಾಯಿ ಕೇಳಿದರು.

"ಅಜರ್ ಏನಂದ?"

ಅಜರನ ಬಳಿ ಹೋಗಿದ್ದನ್ನು ಅವಳು ಅತ್ತೆಗೆ ಹೇಳಿರಲಿಲ್ಲ. ಲಲಿತಾಬಾಯಿಯ ಫೋನು ಬಸ್ಸಿಗಿಂತ ಮುಂಚೆ ಊರು ಸೇರಿರಬೇಕು.

"ಬಿಸಿಲಿಗೆ ಬಡೀತದಂತ್ರಿ," ಎಂದಳು.

"ಬಿಸಿಲು ಬರೂ ಮೊದ್ಲು ಬಡೀತದೇನು?"

ಮಂಜುಷಾಳ ಕೈಯಲ್ಲಿದ್ದ ಹಣ್ಣು ಅಲ್ಲೇ ನಿಂತಿತು. ಅತ್ತೆ ಅವಳ ಕಡೆ ನೋಡುತ್ತಿರಲಿಲ್ಲ, ಬತ್ತಿ ಹೊಸೆಯುತ್ತಿದ್ದರು.

"ಒಮ್ಮೊಮ್ಮೆ ಬಡೀತದಂತ," ಎಂದಳು ಮಂಜುಷಾ. ಅವಳ ದನಿ ಅವಳಿಗೇ ಬೇರೆಯವರದ್ದೆನಿಸಿತು.

ಇಂದೂಬಾಯಿ ಹೊಸೆದ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿದರು. ಆ ರಾತ್ರಿ ಊಟದಲ್ಲಿ ಉಪ್ಪು ಹೆಚ್ಚಾಗಿತ್ತು, ಅವರು ಏನೂ ಅನ್ನಲಿಲ್ಲ.

ಶನಿವಾರ ಬಂದೇಬಂತು. ಕೌಸ್ತುಭ ಬ್ಯಾಂಕಿಗೆ ಹೋದ, ಭಾಗಮ್ಮ ಭಾಂಡೆ ಬೋರಲು ಹಾಕಿ ಹೊರಟಳು. ಇಂದೂಬಾಯಿ ಎಂದಿನಂತೆ ನಸುಕಿನಲ್ಲೇ ಸ್ನಾನ ಮಾಡಿ ಮಡಿಯುಟ್ಟು ಪೂಜೆ ಮುಗಿಸಿದ್ದರು. ಸ್ವಲ್ಪ ಅಡ್ಡಾಗುತ್ತೇನೆ ಎಂದು ಹಿಂದಿನ ಕೋಣೆಗೆ ಹೋದರು. ಮಂಜುಷಾ ಈ ಸಲ ಕೈಗೆ ಯಾವ ಕೆಲಸವನ್ನೂ ತೆಗೆದುಕೊಳ್ಳಲಿಲ್ಲ. ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಇವತ್ತು ಬಡಿಯದಿದ್ದರೆ ಇನ್ನು ಬಡಿಯುವುದಿಲ್ಲ. ಆಮೇಲೆ ಬದುಕಿರುವವರೆಗೂ ಆ ಬೆಳಗು ಅವಳೊಂದಿಗೇ ಇರುತ್ತದೆ, ಅಕ್ಕನ ನಗು, ತನ್ನ ನಗು, ಅದರ ನಡುವೆ ಆ ಸದ್ದು. ಅಡುಗೆಮನೆಯ ಬಿಸಿಲು ಮಣೆ ಬಿಟ್ಟು ನೆಲಕ್ಕಿಳಿಯುತ್ತಿತ್ತು. ಮಾವಾ, ಒಮ್ಮೆ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಬೇಡುತ್ತಿರುವುದು ಮಾವನನ್ನೋ ಪ್ಲಾಸ್ಟಿಕ್ಕನ್ನೋ ಎಂದು ಅವಳಿಗೇ ತಿಳಿಯಲಿಲ್ಲ.

ಕಿಟಕಿ ಬಡಿಯಿತು.

ಮೆಲ್ಲಗೆ, ಒಂದರ ಹಿಂದೊಂದು. ಸ್ವಲ್ಪ ಬಿಟ್ಟು ಇನ್ನೊಮ್ಮೆ.

ಮಂಜುಷಾ ದಡಬಡಿಸಿ ಎದ್ದು ಅಡುಗೆಮನೆಗೆ ಓಡಿದಳು. ಬಿಸಿಲು ಇನ್ನೂ ಅಲ್ಲೇ ಇತ್ತು, ಕಾಲಿಗೆ ಬೆಚ್ಚಗೆ ತಾಗಿತು. ಅವಳಿಗೆ ಅಳು ಬಂತು, ಅಳುತ್ತಲೇ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕಟ್ಟೆಗೆ ಒರಗಿ ನಿಂತಳು. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಎದ್ದುಹೋಯಿತು. ಕಿಟಕಿಯೇ. ಅವತ್ತೂ ಕಿಟಕಿಯೇ. ಯಾರಿಗಾದರೂ ಹೇಳಬೇಕೆನಿಸಿತು, ಹೇಳುವ ಹಾಗಿರಲಿಲ್ಲ, ಅತ್ತೆಯ ಹತ್ತಿರ ಸುಮ್ಮನೆ ಹೋಗಿ ಕೂತರೂ ಸಾಕೆನಿಸಿ ಹಿಂದಿನ ಕೋಣೆಗೆ ಹೋದಳು.

ಇಂದೂಬಾಯಿಯ ಚಾಪೆ ಖಾಲಿಯಿತ್ತು. ಹಿತ್ತಲ ಬಾಗಿಲು ತೆರೆದಿತ್ತು. ಬಚ್ಚಲಿನಿಂದ ನೀರಿನ ಸದ್ದು ಬರುತ್ತಿತ್ತು, ತಂಬಿಗೆಯ ಮೇಲೆ ತಂಬಿಗೆ, ತಲೆಯ ಮೇಲೆ ಹೊಯ್ದುಕೊಳ್ಳುವ ಸದ್ದು.

ಮಂಜುಷಾ ಹೊಸ್ತಿಲಲ್ಲೇ ನಿಂತಳು. ನಸುಕಿನಲ್ಲಿ ತಲೆಯ ಮೇಲೆ ನೀರು ಹಾಕಿಕೊಂಡ ಇಂದೂಬಾಯಿ ದಿನದಲ್ಲಿ ಮತ್ತೆ ಹಾಕಿಕೊಳ್ಳುವುದೆಂದರೆ ಮುಟ್ಟಬಾರದ್ದನ್ನು ಮುಟ್ಟಿದ್ದಾರೆ ಎಂದೇ ಅರ್ಥ. ಈ ಮನೆಯಲ್ಲಿ ಈಗ ಮುಟ್ಟಬಾರದ್ದು ಒಂದೇ ಇತ್ತು. ಮೊಣಕಾಲು ನೋವಿನ ಆ ಮುದುಕಿ ಕಂಪೌಂಡಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ, ಒರಟು ಫರಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು, ಮುಚ್ಚಿದ ಕೋಣೆಯ ಕಿಟಕಿಗೆ ಕೈ ಹಚ್ಚಿ ಬಡಿದಿದ್ದರು. ಅಂದರೆ ಸೊಸೆ ಏನು ಕೇಳಲು ಕೂರುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಹದಿಮೂರನೆಯ ದಿನ ಅವಳು ಹೇಳಿದ ಮಾತು ಎಷ್ಟು ನಿಜ ಎಂಬುದೂ.

ಬಚ್ಚಲ ಬಾಗಿಲು ತೆರೆಯಿತು. ಇಂದೂಬಾಯಿ ಬೇರೆ ಮಡಿಸೀರೆ ಸುತ್ತಿಕೊಂಡು, ಬಿಳಿಗೂದಲಿಂದ ನೀರು ಸುರಿಸುತ್ತ ಹೊರಬಂದರು. ಸೊಸೆಯ ಮುಖ ನೋಡಿದರು, ತಾವು ಪಟ್ಟ ಪಾಡು ನೀರುಪಾಲಾಯಿತೆಂದು ಅವರಿಗೆ ತಿಳಿಯಿತು.

"ಅತ್ತಿ," ಎಂದಳು ಮಂಜುಷಾ. "ಅವತ್ತು ನಂಗ ಕೇಳಿಸಿತ್ತು. ಕೇಳಿಸಿದ್ರೂ ನಾ ಏಳಲಿಲ್ಲ."

ಕೂದಲಿನ ನೀರು ಇಂದೂಬಾಯಿಯ ಕಾಲ ಬಳಿ ಮಡುಗಟ್ಟಿತು.

"ಕಿಡಕಿ ಅಂತ ತಿಳ್ಕೊಂಡಿ," ಎಂದರು. "ನಾ ಇದ್ದಿದ್ರೂ ಹಂಗಽ ತಿಳ್ಕೋತಿದ್ದೆ. ನಾನೂ ಏಳ್ತಿದ್ದಿಲ್ಲ."

ಅವರು ಮುಚ್ಚಿದ ಕೋಣೆಯ ಎದುರಿಗೆ ಬಂದು, ಮಂಜುಷಾ ದಿನಾ ಕೂರುತ್ತಿದ್ದ ಜಾಗದಲ್ಲೇ ಮೆಲ್ಲಗೆ ನೆಲ ಹಿಡಿದು ಕೂತರು. ಒಣಗಿದ ಪಂಚೆಯೊಂದನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿದರು.

"ಕೂದಲಾ ಒರಸು. ನನ್ನ ಕೈ ಮ್ಯಾಲೆ ಏಳವಲ್ದು."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಮಡಿಯಲ್ಲಿದ್ದ ಅತ್ತೆಯನ್ನು ಅವಳು ಮುಟ್ಟಿರಲಿಲ್ಲ. ಮಂಜುಷಾ ಅವರ ಹಿಂದೆ ಕೂತು ಪಂಚೆ ಬಿಚ್ಚಿ ಕೂದಲನ್ನು ಅಂಗೈಯಲ್ಲಿ ಎತ್ತಿಕೊಂಡಳು. ಅದು ಹಿಡಿಯಷ್ಟೂ ಇರಲಿಲ್ಲ. ಅವಳು ಒರೆಸುತ್ತ ಹೋದಳು, ಇಂದೂಬಾಯಿಯ ತಲೆ ಆ ಕೈಗಳ ಜೊತೆ ಹಿಂದೆ ಮುಂದೆ ತೂಗುತ್ತಿತ್ತು. ಅಡುಗೆಮನೆಯ ಬಿಸಿಲು ಯಾವಾಗ ಹೋಯಿತೋ ಇಬ್ಬರೂ ನೋಡಲಿಲ್ಲ. ಬಾಗಿಲ ಆಚೆ ಕಿಟಕಿ ಬಡಿಯತೊಡಗಿತು, ಗಟ್ಟಿಯಾಗಿ, ಲೆಕ್ಕವಿಲ್ಲದೆ. ಗೇಟಿನ ಬಳಿ ಅಜರನ ಗಾಡಿ ಬಂದು ನಿಂತ ಸದ್ದಾಯಿತು, ಅವನು ಮೇಡಂ ಎಂದು ಕೂಗಿದ. ಇಂದೂಬಾಯಿ ಕಣ್ಣು ಮುಚ್ಚಿಕೊಂಡಿದ್ದರು. ಮಂಜುಷಾ ಪಂಚೆಯ ಇನ್ನೊಂದು ಒಣ ತುದಿ ಹುಡುಕಿ ಮತ್ತೆ ಒರೆಸತೊಡಗಿದಳು.